ಮುಳ್ಳು ನಡುವಿಗೆ ಬಂದಾಗ

ಕಿಕ್ ಹೊಡೆಯುವುದಕ್ಕೆ ಮುಂಚೆ ಮುಳ್ಳು ನೋಡಬೇಕು. ಇದನ್ನು ನನಗೆ ಕಲಿಸಿದವರು ಸಿಂಧನೂರಿನ ಒಬ್ಬ ಹಿರಿಯ ಮಿಸ್ತ್ರಿ. ಎಲ್ಲರೂ ಅವರನ್ನು ಚಾಚಾ ಎಂದೇ ಕರೆಯುತ್ತಿದ್ದರು. ಮೊಣಕಾಲು ಬಾತುಕೊಂಡು ಕುಂಟುತ್ತ ಗಾಡಿ ತಳ್ಳಿಕೊಂಡು ಬಂದ ನನ್ನನ್ನು ನೋಡಿ, "ಸರ, ಸಿಟ್ಟಿಲೆ ಒದ್ರ ಅದೂ ತಿರುಗಿ ಒದಿತೈತ್ರಿ. ಮೊದ್ಲ ಮುಳ್ಳ ನೋಡ್ರಿ" ಎಂದಿದ್ದರು.

ಗಾಡಿ ನನ್ನ ಅಪ್ಪ ಕೊಂಡದ್ದು. ಬೀಡುಕಬ್ಬಿಣದ ಸಿಲಿಂಡರಿನ, ಬಲಗಾಲಲ್ಲಿ ಗೇರು ಹಾಕುವ, 350 ಸಿಸಿಯ ಹಳೇ ಬುಲೆಟ್. ನಮ್ಮೂರು ವಳಕಮದಿನ್ನಿಯಿಂದ ಶಾಲೆಗೆ, ಸಿಂಧನೂರಿನ ಸಂತೆಗೆ, ಮಸ್ಕಿಯ ಕಡೆಗೆ, ವರ್ಷಕ್ಕೆ ಒಂದೆರಡು ಬಾರಿ ಲಿಂಗಸುಗೂರಿನ ಕಚೇರಿಗಳಿಗೆ ನಾನು ಹೋಗುವುದು ಇದರ ಮೇಲೆಯೇ. ಹಬ್ಬಕ್ಕೆ ಒರೆಸಿ ಪೂಜೆ ಮಾಡಿ ಒಳಗಿಡುವ ಗಾಡಿ ಅಲ್ಲ ಇದು. ಯೂರಿಯಾ ಚೀಲ ಹೊತ್ತಿದೆ, ಮದುವೆಯ ಬಾಳೆಗೊನೆ ಹೊತ್ತಿದೆ, ನಡುರಾತ್ರಿ ಜ್ವರದ ಮಗುವನ್ನೂ ಹೊತ್ತಿದೆ. ಮೂವತ್ತು ವರ್ಷ ವಿಜ್ಞಾನ ಪಾಠ ಮಾಡಿದವನು ನಾನು. ಕರಿಹಲಗೆಯ ಮೇಲೆ ಬರೆದ ಎಷ್ಟೋ ಸೂತ್ರಗಳು ನನ್ನ ಅಂಗಾಲಿಗೂ ಅಂಗೈಗೂ ಅರ್ಥವಾದದ್ದು ಈ ಗಾಡಿಯಿಂದ. ಈ ಅಧ್ಯಾಯವನ್ನು ಅದಕ್ಕೇ ಬರೆಯುತ್ತಿದ್ದೇನೆ.

ಹೆಡ್‌ಲೈಟಿನ ಮೇಲ್ಭಾಗದ ಲೋಹದ ಹೊದಿಕೆಯಲ್ಲಿ ನಾಣ್ಯದಷ್ಟು ಅಗಲದ ಒಂದು ಗಾಜು ಇದೆ. ಅದರೊಳಗೆ ಒಂದು ಮುಳ್ಳು. ಅದು ಆ್ಯಂಪ್ ಮೀಟರ್. ಬ್ಯಾಟರಿಯಿಂದ ಕರೆಂಟು ಹೊರಗೆ ಹರಿದರೆ ಮುಳ್ಳು ಎಡಕ್ಕೆ ವಾಲುತ್ತದೆ, ಒಳಗೆ ತುಂಬಿದರೆ ಬಲಕ್ಕೆ. ಬೀಗದ ಕೈ ತಿರುಗಿಸಿ ಕಿಕ್ಕನ್ನು ಕಾಲಲ್ಲಿ ಮೆಲ್ಲಗೆ, ಬಾವಿಯಿಂದ ತುಂಬಿದ ಕೊಡ ಎಳೆಯುವಷ್ಟು ನಿಧಾನವಾಗಿ ಒತ್ತಿ. ಮುಳ್ಳು ಎಡಕ್ಕೆ ವಾಲಿಯೇ ಇರುತ್ತದೆ. ಒಂದು ಕಡೆ ಬಂದಾಗ ಪಟಕ್ಕನೆ ನಡುವಿಗೆ ಹಾರುತ್ತದೆ. ಅಲ್ಲಿ ನಿಲ್ಲಬೇಕು.

ಆ ಹಾರುವಿಕೆಯ ಹಿಂದೆ ನಡೆದದ್ದು ಇಷ್ಟು. ಎಂಜಿನ್ನಿನ ಬಲಬದಿಯಲ್ಲಿ, ಮುಚ್ಚಳದ ಕೆಳಗೆ, ಎರಡು ಪುಟ್ಟ ಲೋಹದ ತುದಿಗಳು ಒಂದಕ್ಕೊಂದು ತಾಗಿಕೊಂಡಿರುತ್ತವೆ. ಇವಕ್ಕೆ ಪಾಯಿಂಟ್ ಎನ್ನುತ್ತಾರೆ. ತಾಗಿರುವಷ್ಟು ಹೊತ್ತು ಬ್ಯಾಟರಿಯ ಕರೆಂಟು ಕಾಯಿಲಿನ ದಪ್ಪ ತಂತಿಯ ಸುರುಳಿಯಲ್ಲಿ ಹರಿದು ಅದರ ಸುತ್ತ ಕಾಂತಕ್ಷೇತ್ರ ಕಟ್ಟುತ್ತದೆ. ಪಿಸ್ಟನ್ ಮೇಲೇರಿ ಗಾಳಿ-ಪೆಟ್ರೋಲಿನ ಮಿಶ್ರಣವನ್ನು ಒತ್ತಿ ಮುಗಿಸುವ ಹೊತ್ತಿಗೆ ಒಂದು ಉಬ್ಬು ಬಂದು ಪಾಯಿಂಟನ್ನು ಅಗಲಿಸುತ್ತದೆ. ಅಗಲಿದ ಜಾಗ ಅರ್ಧ ಮಿಲಿಮೀಟರಿಗೂ ಕಡಿಮೆ. ಆದರೂ ಕರೆಂಟು ಕಡಿದುಹೋಗುತ್ತದೆ, ಕಟ್ಟಿಕೊಂಡಿದ್ದ ಕಾಂತಕ್ಷೇತ್ರ ಒಮ್ಮೆಲೇ ಕುಸಿಯುತ್ತದೆ. ಹಾಗೆ ಕುಸಿಯುವ ಕ್ಷೇತ್ರ ಪಕ್ಕದಲ್ಲಿರುವ, ಸಾವಿರಾರು ಸುತ್ತಿನ ನವುರು ತಂತಿಯಲ್ಲಿ ಸಾವಿರಗಟ್ಟಲೆ ವೋಲ್ಟ್ ಹುಟ್ಟಿಸುತ್ತದೆ. ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರುತ್ತದೆ. ಮೈಕೆಲ್ ಫ್ಯಾರಡೆ 1831ರಲ್ಲಿ ಕಂಡದ್ದೂ ಇದನ್ನೇ. ಕಾಂತಕ್ಷೇತ್ರ ಸುಮ್ಮನೆ ಇದ್ದರೆ ಕರೆಂಟು ಹುಟ್ಟುವುದಿಲ್ಲ, ಅದು ಬದಲಾಗಬೇಕು. ಎಷ್ಟು ಬೇಗ ಬದಲಾದರೆ ಅಷ್ಟು ಜೋರು. ಮಕ್ಕಳಿಗೆ ಇದನ್ನು ಹೇಳುವಾಗ ನಾನು ದಂಡಕಾಂತ ಮತ್ತು ತಂತಿಸುರುಳಿ ಹಿಡಿದು ನಿಲ್ಲುತ್ತಿದ್ದೆ. ಕೊನೆಕೊನೆಗೆ ಗಾಡಿಯನ್ನೇ ಶಾಲೆಯ ಬೇವಿನಮರದ ಕೆಳಗೆ ನಿಲ್ಲಿಸಿ, ಪ್ಲಗ್ ಬಿಚ್ಚಿ ಹೆಡ್ಡಿಗೆ ತಾಗಿಸಿ, ಕಿಡಿ ತೋರಿಸತೊಡಗಿದೆ. ಆಮೇಲೆ ಆ ಪಾಠವನ್ನು ಎರಡನೇ ಸಲ ಹೇಳುವ ಪ್ರಸಂಗ ಬರಲಿಲ್ಲ.

ಮುಳ್ಳು ನಡುವಿಗೆ ಬಂತೆಂದರೆ ಪಾಯಿಂಟ್ ಬಿಚ್ಚಿತು, ಪಿಸ್ಟನ್ ಒತ್ತುವ ಹೊಡೆತದ ತುತ್ತತುದಿಗೆ ಬಂದಿದೆ ಎಂದರ್ಥ. ಕಬ್ಬಿಣದೊಳಗೆ ಅಡಗಿದ ಪಿಸ್ಟನ್ ಎಲ್ಲಿದೆ ಎಂಬುದನ್ನು ಹೊರಗಿನ ಮುಳ್ಳು ಹೇಳುತ್ತದೆ. ಇಷ್ಟು ಸರಳ ಉಪಾಯ ಇನ್ನೊಂದನ್ನು ನಾನು ಕಂಡಿಲ್ಲ.

ಈಗ ಎಡಗೈಯ ಸಣ್ಣ ಲಿವರ್ ಎಳೆಯಬೇಕು, ಡಿಕಂಪ್ರೆಸರ್. ಅದು ಒತ್ತಿದ ಗಾಳಿಗೆ ಹೊರದಾರಿ ಮಾಡಿಕೊಡುತ್ತದೆ. ಅದಿಲ್ಲದೆ ಬಲವಂತವಾಗಿ ಒತ್ತಿದರೆ ಏನು ಎದುರಾಗುತ್ತದೆಂದು ಲೆಕ್ಕ ಹಾಕೋಣ. ಸಿಲಿಂಡರಿನ ಅಡ್ಡಳತೆ 70 ಮಿ.ಮೀ., ಪಿಸ್ಟನ್ ಓಡುವ ಉದ್ದ 90 ಮಿ.ಮೀ. ಪಿಸ್ಟನ್ನಿನ ತಲೆಯ ವಿಸ್ತೀರ್ಣ ಸುಮಾರು 38.5 ಚದರ ಸೆಂಟಿಮೀಟರ್. ಗಾಳಿಯನ್ನು ಅದು ಆರೂವರೆ ಪಟ್ಟು ಚಿಕ್ಕದಾಗಿ ಒತ್ತುತ್ತದೆ. ಒತ್ತಿದಾಗ ಹುಟ್ಟುವ ಬಿಸಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೂ ಹೊರಗಿನ ವಾತಾವರಣಕ್ಕಿಂತ ಐದೂವರೆ ಪಟ್ಟು ಹೆಚ್ಚಿನ ಒತ್ತಡ. ಪಿಸ್ಟನ್ನಿನ ತಲೆಯ ಮೇಲೆ ಇನ್ನೂರು ಕೆ.ಜಿ.ಗೂ ಮಿಕ್ಕಿದ ಭಾರ. ನಮ್ಮ ಕಡೆಯ 75 ಕೆ.ಜಿ.ಯ ಭತ್ತದ ಚೀಲ ಮೂರನ್ನು ಒಂದರ ಮೇಲೊಂದು ಪೇರಿಸಿದ ಹಾಗೆ. ಚೀಲಗಳ ಕೆಳಗಿಂದ ಶುರುಮಾಡಬಾರದು. ಲಿವರ್ ಎಳೆದು, ತುದಿಯನ್ನು ಒಂದಿಷ್ಟು ದಾಟಿಸಿ, ಲಿವರ್ ಬಿಟ್ಟು, ಕಿಕ್ಕನ್ನು ಮೇಲೆ ತಂದು, ಆಮೇಲೆ ಮೈಭಾರವನ್ನೆಲ್ಲ ಅದರ ಮೇಲೆ ಬಿಡಬೇಕು. ಮುಂದಿನ ಒತ್ತುವ ಹೊಡೆತ ಬರುವಷ್ಟರಲ್ಲಿ ಒಳಗಿನ ಭಾರದ ಗಾಲಿಗೆ ಓಟ ಸಿಕ್ಕಿರುತ್ತದೆ. ಮೂರು ಚೀಲದ ಭಾರವನ್ನು ನನ್ನ ಕಾಲಿನ ಬದಲು ಅದು ಎತ್ತಿಹಾಕುತ್ತದೆ.

ನನ್ನ ಮೊಣಕಾಲು ಬಾತದ್ದು ಇನ್ನೊಂದು ಕಾರಣಕ್ಕೆ. ಕಿಡಿ ಹತ್ತಿದ ಕೂಡಲೇ ಪೆಟ್ರೋಲು ಒಂದೇ ಸಲಕ್ಕೆ ಉರಿದುಹೋಗುವುದಿಲ್ಲ. ಬಣವೆಗೆ ಬೆಂಕಿ ಬಿದ್ದ ಹಾಗೆ ಉರಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹಬ್ಬಬೇಕು, ಅದಕ್ಕೆ ಕೆಲವು ಮಿಲಿಸೆಕೆಂಡು ಬೇಕು. ನಿಮಿಷಕ್ಕೆ 900 ಸುತ್ತಿನಲ್ಲಿ ನಿಂತಲ್ಲೇ ಗುಡುಗುಡಿಸುವಾಗ ಎಂಜಿನ್ನು ಒಂದು ಮಿಲಿಸೆಕೆಂಡಿಗೆ ಐದು ಡಿಗ್ರಿ ಚಿಲ್ಲರೆ ತಿರುಗುತ್ತದೆ. 3,000 ಸುತ್ತಿನಲ್ಲಿ ಹದಿನೆಂಟು ಡಿಗ್ರಿ. ಹಾಗಾಗಿ ಓಟ ಹೆಚ್ಚಿದಂತೆ ಕಿಡಿಯೂ ಮುಂಚಿತವಾಗಿ ಹಾರಬೇಕು. ಅದನ್ನು ನೋಡಿಕೊಳ್ಳಲು ಪಾಯಿಂಟಿನ ಹಿಂದೆ ಎರಡು ಸಣ್ಣ ತೂಕಗಳಿವೆ. ತಿರುಗುವ ವೇಗಕ್ಕೆ ಅವು ಹೊರಗೆ ಸರಿದು ಕಿಡಿಯ ಹೊತ್ತನ್ನು ಮುಂದಕ್ಕೆ ತಳ್ಳುತ್ತವೆ, ನಿಧಾನವಾದರೆ ಸ್ಪ್ರಿಂಗು ಅವನ್ನು ಹಿಂದಕ್ಕೆಳೆಯುತ್ತದೆ. ನನ್ನ ಗಾಡಿಯಲ್ಲಿ ಆ ಸ್ಪ್ರಿಂಗು ಸೋತು ತೂಕಗಳು ಹೊರಗೇ ಸಿಕ್ಕಿಕೊಂಡಿದ್ದವು. ವರ್ಷಗಟ್ಟಲೆ ನಾನು ಅಲ್ಲಿಗೆ ಒಂದು ಹನಿ ಎಣ್ಣೆ ಬಿಟ್ಟಿರಲಿಲ್ಲ. ಕಿಕ್ ಹೊಡೆದಾಗ ಪಿಸ್ಟನ್ ತುದಿ ಮುಟ್ಟುವುದಕ್ಕೆ ಬಹಳ ಮೊದಲೇ ಉರಿ ಎದ್ದು ಅದನ್ನು ಹಿಂದಕ್ಕೆ ತಳ್ಳಿತು. ಆ ಹೊಡೆತ ಹಲ್ಲುಗಾಲಿಯಿಂದ ಕಿಕ್ಕಿಗೆ, ಕಿಕ್ಕಿನಿಂದ ನನ್ನ ಮೊಣಕಾಲಿಗೆ ಬಂತು.

ಈ ಗಾಡಿ ಹುಟ್ಟಿದ ಊರು ಇಂಗ್ಲೆಂಡಿನ ರೆಡ್ಡಿಚ್. ಅದು ಸೂಜಿಗೆ ಹೆಸರಾದ ಊರು. ಒಂದು ಕಾಲಕ್ಕೆ ಜಗತ್ತಿನ ಬಹುಪಾಲು ಹೊಲಿಗೆ ಸೂಜಿಗಳು ಅಲ್ಲೇ ತಯಾರಾಗುತ್ತಿದ್ದವು. ರಾಯಲ್ ಎನ್‌ಫೀಲ್ಡ್ ಕಂಪನಿಯ ಬೇರು ಇರುವುದೂ ಅಲ್ಲಿನ ಒಂದು ಸೂಜಿ ಕಾರ್ಖಾನೆಯಲ್ಲಿ. ಸೂಜಿಯಿಂದ ಸೈಕಲ್ಲಿಗೆ, ಸೈಕಲ್ಲಿನಿಂದ ಮೋಟಾರು ಸೈಕಲ್ಲಿಗೆ ಅದು ಬೆಳೆಯಿತು. ಬುಲೆಟ್ ಎಂಬ ಹೆಸರು ಮೊದಲು ಬಂದದ್ದು 1932ರಲ್ಲಿ. 1955ರಲ್ಲಿ ಮದ್ರಾಸ್ ಮೋಟಾರ್ಸ್ ಜೊತೆ ಸೇರಿ ಎನ್‌ಫೀಲ್ಡ್ ಇಂಡಿಯಾ ಹುಟ್ಟಿತು. ಮೊದಲು ಬಿಡಿಭಾಗ ತರಿಸಿ ಜೋಡಿಸುತ್ತಿದ್ದರು, ಆಮೇಲೆ ಅಚ್ಚು ಯಂತ್ರಗಳನ್ನೇ ತರಿಸಿ ತಿರುವೊಟ್ರಿಯೂರಿನಲ್ಲಿ ಪೂರ್ತಿ ಗಾಡಿ ಮಾಡತೊಡಗಿದರು. ಇಂಗ್ಲೆಂಡಿನ ಮೂಲ ಕಂಪನಿ 1970ರ ಹೊತ್ತಿಗೆ ಕಣ್ಣುಮುಚ್ಚಿತು. ಅಲ್ಲಿ ಮುಗಿದುಹೋದ ವಿನ್ಯಾಸ ಇಲ್ಲಿ ಈ ಶತಮಾನದ ಮೊದಲ ದಶಕದವರೆಗೂ ಹೆಚ್ಚು ಬದಲಾಗದೆ ತಯಾರಾಯಿತು. ಬ್ರಿಟಿಷ್ ಗಾಡಿ ಎಂದರೆ ಬೇರೆ ದೇಶಗಳಲ್ಲಿ ಸಂಗ್ರಾಹಕರ ಷೆಡ್ಡಿನಲ್ಲಿ ಇರುವಂಥದ್ದು. ನಮ್ಮಲ್ಲಿ ಅದು ಹಾಲಿನ ಕ್ಯಾನು ಹೊರುವಂಥದ್ದು.

ಹೊರುವ ಮಾತು ಬಂತಲ್ಲ, ಈ ಎಂಜಿನ್ನಿಗೆ ಸಿಂಧನೂರು ಸೀಮೆಯವರಿಗೆ ತಟ್ಟನೆ ತಿಳಿಯುವ ಒಂದು ಗುಣ ಇದೆ. ನಾಲ್ಕು ಹೊಡೆತದ ಎಂಜಿನ್ನಿನಲ್ಲಿ ದುಡಿಯುವುದು ಒಂದು ಹೊಡೆತ ಮಾತ್ರ. ಗಾಳಿ ಎಳೆಯುವುದು, ಒತ್ತುವುದು, ಹೊಗೆ ದೂಡುವುದು, ಈ ಮೂರೂ ಖರ್ಚಿನ ಬಾಬತ್ತು. ಒಂದೇ ಸಿಲಿಂಡರು ಬೇರೆ. ಒಂದು ಸುಗ್ಗಿಯಲ್ಲಿ ಬಂದದ್ದನ್ನು ಮುಂದಿನ ಸುಗ್ಗಿಯವರೆಗೆ ಉಣ್ಣಬೇಕು. ಅದಕ್ಕೆ ಕಣಜ ಬೇಕು. ಬುಲೆಟ್ಟಿನ ಹೊಟ್ಟೆಯೊಳಗೆ ತಿರುಗುವ ಎರಡು ಭಾರದ ಕಬ್ಬಿಣದ ಗಾಲಿಗಳೇ ಆ ಕಣಜ. ಉರಿಯ ಹೊಡೆತದ ಶಕ್ತಿಯನ್ನು ತಿರುಗುವ ಚಲನೆಯಾಗಿ ತುಂಬಿಟ್ಟುಕೊಂಡು ಉಳಿದ ಮೂರು ಹೊಡೆತಕ್ಕೆ ಅವು ಅಳೆದು ಕೊಡುತ್ತವೆ. 900 ಸುತ್ತಿಗೆ ಸೆಕೆಂಡಿಗೆ ಏಳೆಂಟು ಸಲ ಮಾತ್ರ ಉರಿ ಹತ್ತುತ್ತದೆ. ಒಂದೊಂದು ಸದ್ದನ್ನೂ ಕಿವಿ ಬಿಡಿಬಿಡಿಯಾಗಿ ಹಿಡಿಯುವಷ್ಟು ನಿಧಾನ. ಆ ಡಬ್ ಡಬ್ ಎಂಬ ಸದ್ದಿನ ಗುಟ್ಟು ಅಷ್ಟೇ. ಹಗುರ ಗಾಲಿ ಇದ್ದಿದ್ದರೆ ಅಷ್ಟು ನಿಧಾನಕ್ಕೆ ಎಂಜಿನ್ನು ಎರಡು ಹೊಡೆತದ ನಡುವೆ ಉಸಿರು ಕಟ್ಟಿ ನಿಂತೇಹೋಗುತ್ತಿತ್ತು. ಕಾಲುವೆಯ ಒಡ್ಡಿನ ಮೇಲೆ ಹಿಂದೆ ಚೀಲ ಕಟ್ಟಿಕೊಂಡು ನಡೆಯುವ ವೇಗದಲ್ಲಿ ಹೋಗುವಾಗ, ಎಕ್ಸಿಲೇಟರ್ ಮುಟ್ಟದೆಯೇ ಗಾಡಿ ಜೋಡೆತ್ತಿನ ಹಾಗೆ ಎಳೆಯುತ್ತ ಹೋಗುವುದು ಆ ಕಣಜದ ಬಲದಿಂದ. ಆದರೆ ಕಣಜ ತುಂಬುವುದಕ್ಕೂ ಹೊತ್ತು ಬೇಕು. ಇದ್ದಕ್ಕಿದ್ದಂತೆ ಓಡು ಎಂದರೆ ಈ ಗಾಡಿ ಓಡುವುದಿಲ್ಲ. ಇದರ ಮೇಲೆ ಕುಳಿತವನು ಲಾರಿ ಹಿಂದೆ ಹಾಕುವ ವಿಚಾರವನ್ನು ಅರ್ಧ ಫರ್ಲಾಂಗು ಮೊದಲೇ ಮಾಡಿರಬೇಕು.

ಇನ್ನು ನಮ್ಮ ಬಿಸಿಲು. ಏಪ್ರಿಲ್-ಮೇ ತಿಂಗಳಲ್ಲಿ ರಾಯಚೂರು ಜಿಲ್ಲೆಯಲ್ಲಿ ನಲವತ್ತು ಡಿಗ್ರಿ ದಾಟುವುದು ಸುದ್ದಿಯೇ ಅಲ್ಲ. ಗಾಳಿ ಕಾದರೆ ಹಿಗ್ಗುತ್ತದೆ, ಹಿಗ್ಗಿದರೆ ತೆಳುವಾಗುತ್ತದೆ. ಹತ್ತು ಡಿಗ್ರಿಯ ಇಂಗ್ಲಿಷ್ ಬೆಳಗಿನ ಗಾಳಿಗೆ ಹೋಲಿಸಿದರೆ ನಲವತ್ತು ಡಿಗ್ರಿಯ ಗಾಳಿ ನೂರಕ್ಕೆ ಹತ್ತು ಪಾಲು ತೆಳು. ನಮ್ಮ ನೆಲ ಸಮುದ್ರಮಟ್ಟಕ್ಕಿಂತ ಸುಮಾರು 400 ಮೀಟರ್ ಎತ್ತರದಲ್ಲಿರುವುದು ಇನ್ನೂ ನಾಲ್ಕೈದು ಪಾಲು ಕಿತ್ತುಕೊಳ್ಳುತ್ತದೆ. ಸಿಲಿಂಡರು ಅದೇ 346 ಸಿಸಿ (350 ಎನ್ನುವುದು ಹೆಸರಿಗೆ) ಗಾಳಿ ಎಳೆಯುತ್ತದೆ, ಆದರೆ ಆ ಗಾಳಿಯಲ್ಲಿ ಆಮ್ಲಜನಕವೇ ಕಡಿಮೆ. ಹೊಸದಾಗಿ ಹದಿನೆಂಟು ಕುದುರೆ ಬಲವಿದ್ದ ಎಂಜಿನ್ನು ನಮ್ಮ ಮೇ ಮಧ್ಯಾಹ್ನಕ್ಕೆ ಹದಿನೈದೂವರೆಯಷ್ಟನ್ನು ಮಾತ್ರ ಕೊಡಬಲ್ಲದು. ಗಾಳಿ ತೆಳುವಾದಷ್ಟೇ ಪ್ರಮಾಣದಲ್ಲಿ ಕಾರ್ಬುರೇಟರು ಪೆಟ್ರೋಲನ್ನು ಕಡಿಮೆ ಮಾಡುವುದೂ ಇಲ್ಲ. ಹಾಗಾಗಿ ಮಿಶ್ರಣದಲ್ಲಿ ಪೆಟ್ರೋಲಿನ ಪಾಲು ಹೆಚ್ಚಿ ಪ್ಲಗ್ಗಿನ ತುದಿಗೆ ಕಾಡಿಗೆ ಹತ್ತುತ್ತದೆ. ಬೇಸಿಗೆಯಲ್ಲಿ ಪ್ಲಗ್ ಬಿಚ್ಚಿ ಅದರ ಬಣ್ಣ ನೋಡುವುದು ನನಗೆ ವೈದ್ಯರು ನಾಲಗೆ ನೋಡಿದ ಹಾಗೆ. ಹದವಾಗಿದ್ದರೆ ಬಿಸ್ಕತ್ತಿನ ಬಣ್ಣ ಇರಬೇಕು.

ತಣಿಯುವುದಕ್ಕೂ ಇದೇ ತೊಂದರೆ. ಸಿಲಿಂಡರಿನ ಸುತ್ತಲ ರೆಕ್ಕೆಗಳು ಬಿಸಿಯನ್ನು ಗಾಳಿಗೆ ಬಿಟ್ಟುಕೊಡುವ ಪ್ರಮಾಣ ರೆಕ್ಕೆಗೂ ಗಾಳಿಗೂ ಇರುವ ಬಿಸಿಯ ಅಂತರದ ಮೇಲೆ ನಿಂತಿದೆ. ರೆಕ್ಕೆ 160 ಡಿಗ್ರಿ ಇದೆ ಎಂದುಕೊಳ್ಳಿ. ಹತ್ತು ಡಿಗ್ರಿಯ ಗಾಳಿಯಲ್ಲಿ ಅಂತರ 150, ನಮ್ಮ 42 ಡಿಗ್ರಿಯಲ್ಲಿ 118. ಐದರಲ್ಲಿ ಒಂದು ಪಾಲು ತಂಪು ಅಲ್ಲೇ ಹೋಯಿತು. ಅತ್ತ ಪಿಸ್ಟನ್ನು ಅಲ್ಯುಮಿನಿಯಮ್ಮಿನದು, ಸಿಲಿಂಡರು ಬೀಡುಕಬ್ಬಿಣದ್ದು. ಅದೇ ಬಿಸಿಗೆ ಅಲ್ಯುಮಿನಿಯಂ ಕಬ್ಬಿಣಕ್ಕಿಂತ ಎರಡು ಪಟ್ಟು ಹಿಗ್ಗುತ್ತದೆ. ಎರಡರ ನಡುವಿನ ಕೂದಲೆಳೆಯ ಸಂದು ಮುಚ್ಚಿಹೋದರೆ ಪಿಸ್ಟನ್ನು ಹಿಡಿದುಕೊಳ್ಳುತ್ತದೆ. ಆದ್ದರಿಂದ ನಡುಮಧ್ಯಾಹ್ನ ಮಸ್ಕಿಗೆ ಹೊರಟರೆ ನಾನು ಐವತ್ತನ್ನು ದಾಟುವುದಿಲ್ಲ. ಹಿಂದಿನಿಂದ ಹಾರ್ನ್ ಹೊಡೆಯುವವರಿಗೆ ದಾರಿ ಬಿಟ್ಟುಕೊಡುತ್ತೇನೆ.

ಕೆಲವು ಕಡೆ ವಿನ್ಯಾಸಕಾರರು ಈ ಹಿಗ್ಗುವಿಕೆಯನ್ನೇ ಪಳಗಿಸಿದ್ದಾರೆ. ಕವಾಟಗಳನ್ನು ಎತ್ತುವ ಪುಶ್‌ರಾಡುಗಳೂ ಅಲ್ಯುಮಿನಿಯಮ್ಮಿನವು. ಸಿಲಿಂಡರು ಕಾದು ಎತ್ತರ ಬೆಳೆದಂತೆ ಅವೂ ಜೊತೆಜೊತೆಗೆ ಬೆಳೆಯುತ್ತವೆ, ಸಂದು ಹೆಚ್ಚುವುದಿಲ್ಲ. ಹೀಗಾಗಿ ಎಂಜಿನ್ನು ತಣ್ಣಗಿರುವಾಗ ಸಂದನ್ನು ಸೊನ್ನೆಗೆ ಹಿಡಿಸಬಹುದು. ಅಳೆಯುವುದಕ್ಕೆ ಗೇಜು ಬೇಡ. ರಾಡನ್ನು ಎರಡು ಬೆರಳಲ್ಲಿ ಹಿಡಿದರೆ ಸಲೀಸಾಗಿ ತಿರುಗಬೇಕು, ಮೇಲೆ-ಕೆಳಗೆ ಮಾತ್ರ ಅಲುಗಬಾರದು. ಚಾಚಾ ಅದನ್ನು ಕಣ್ಣುಮುಚ್ಚಿ ಮಾಡುತ್ತಿದ್ದರು. ಬೆರಳಿಗೆ ಗೊತ್ತಾಗುವುದು ಕಣ್ಣಿಗೆ ಗೊತ್ತಾಗುವುದಿಲ್ಲವೆಂದು ಅವರು ಹೇಳುತ್ತಿದ್ದ ಮಾತನ್ನು ನಾನು ಇಂದಿಗೂ ಒಪ್ಪುತ್ತೇನೆ.

ಧೂಳಿನ ಬಗ್ಗೆ ಬರೆಯದಿದ್ದರೆ ನಮ್ಮ ಸೀಮೆಯ ಲೆಕ್ಕ ಪೂರ್ತಿಯಾಗದು. ನಾವು ಸುಮ್ಮನೆ ಕುಳಿತಾಗ ನಿಮಿಷಕ್ಕೆ ಆರೇಳು ಲೀಟರ್ ಗಾಳಿ ಉಸಿರಾಡುತ್ತೇವೆ. ಈ ಎಂಜಿನ್ನು 3,000 ಸುತ್ತಿನಲ್ಲಿ ಎಕ್ಸಿಲೇಟರ್ ಪೂರ್ತಿ ತೆರೆದರೆ ನಿಮಿಷಕ್ಕೆ ಸುಮಾರು 500 ಲೀಟರ್ ಎಳೆಯುತ್ತದೆ. ಭತ್ತದ ಸುಗ್ಗಿಯಲ್ಲಿ ಆ ಗಾಳಿಯಲ್ಲಿ ಏನಿರುತ್ತದೆ ನೋಡಿ. ಕಟಾವು ಯಂತ್ರಗಳು ಎಬ್ಬಿಸಿದ ಹೊಟ್ಟಿನ ಪುಡಿ ಸಂಜೆಯ ಬೆಳಕಿನಲ್ಲಿ ಮಂಜಿನ ಹಾಗೆ ನಿಂತಿರುತ್ತದೆ. ಭತ್ತದ ಗಿಡ ನೀರಿನಿಂದ ಸಿಲಿಕಾ ಹೀರಿ ಹೊಟ್ಟಿನಲ್ಲಿ ತುಂಬಿಕೊಳ್ಳುವ ಸಸ್ಯ. ಹೊಟ್ಟು ಸುಟ್ಟ ಬೂದಿಯಲ್ಲಿ ನೂರಕ್ಕೆ ತೊಂಬತ್ತರಷ್ಟು ಸಿಲಿಕಾ. ಹಿಂದೆ ನಮ್ಮ ಮನೆಗಳಲ್ಲಿ ಆ ಬೂದಿಯಲ್ಲಿ ಪಾತ್ರೆ ತಿಕ್ಕಿದರೆ ಹೊಳೆಯುತ್ತಿದ್ದುದೂ ಅದರಿಂದಲೇ. ಪಾತ್ರೆ ತಿಕ್ಕುವ ಆ ಪುಡಿ ಸಿಲಿಂಡರಿನ ಒಳಗೋಡೆಯನ್ನೂ ತಿಕ್ಕುತ್ತದೆ. ಸುಗ್ಗಿಯಲ್ಲಿ ವಾರಕ್ಕೊಮ್ಮೆ ಏರ್ ಫಿಲ್ಟರ್ ಬಿಚ್ಚಿ ಕೊಡವುತ್ತೇನೆ. ಹಾಗೆ ಮಾಡದ ಒಂದು ವರ್ಷ ಬೋರ್ ಸವೆದು, ಪಿಸ್ಟನ್ ರಿಂಗಿನ ಸಂದಿನಿಂದ ಎಣ್ಣೆ ಮೇಲೇರಿ ನೀಲಿ ಹೊಗೆ ಬಂದಿತ್ತು.

ಮಳೆಗಾಲಕ್ಕೆ ಧೂಳು ಹೋಗಿ ಎರೆಮಣ್ಣು ಬರುತ್ತದೆ. ನಮ್ಮ ಕರಿ ಎರೆಯ ಜೇಡಿಯ ಕಣಗಳು ಹಾಳೆ ಹಾಳೆಯಾಗಿ ಇರುತ್ತವೆ. ಹಾಳೆಗಳ ನಡುವೆ ನೀರು ನುಗ್ಗಿದರೆ ಮಣ್ಣು ಉಬ್ಬಿ ಅಂಟಾಗುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಮೊದಲ ಮಳೆ ಬಿದ್ದ ದಿನ ಹೊಲದ ದಾರಿಗೆ ಗಾಡಿ ಇಳಿಸಿದರೆ ಐವತ್ತು ಹೆಜ್ಜೆಗೆ ಗಾಲಿಗೂ ಮಡ್‌ಗಾರ್ಡಿಗೂ ನಡುವಿನ ಜಾಗ ತುಂಬಿ ಗಾಲಿ ನಿಂತುಹೋಗುತ್ತದೆ. ಕಡ್ಡಿಯಲ್ಲಿ ಕೆರೆದು ಮತ್ತೆ ಐವತ್ತು ಹೆಜ್ಜೆ. ನೂರಾ ಅರವತ್ತು ಕೆ.ಜಿ.ಗೂ ಮಿಕ್ಕಿದ ಈ ಗಾಡಿಯ ಭಾರ ಆ ದಿನ ಮಾತ್ರ ನನಗೆ ನಿಜವಾಗಿ ಭಾರ.

ಹಳೇ ಬುಲೆಟ್ ನಿಂತ ಜಾಗದಲ್ಲಿ ಎಣ್ಣೆಯ ಕಲೆ ಇರುತ್ತದೆ ಎನ್ನುವುದು ಎಲ್ಲರ ಬಾಯಲ್ಲೂ ಇರುವ ಮಾತು. ಕಾರಣ ಮಾತ್ರ ಕೆಲವರಿಗಷ್ಟೇ ಗೊತ್ತು. ಪಿಸ್ಟನ್ ಕೆಳಗಿಳಿದಾಗಲೆಲ್ಲ ತನ್ನ ಕೆಳಗಿರುವ 346 ಸಿಸಿಯಷ್ಟು ಗಾಳಿಯನ್ನು ಎಂಜಿನ್ನಿನ ಹೊಟ್ಟೆಯೊಳಗೆ ಒತ್ತುತ್ತದೆ. ತಿದಿ ಒತ್ತಿದ ಹಾಗೆ. ಆ ಗಾಳಿ ಹೊರಹೋಗಲು ಒಂದು ಉಸಿರುಕೊಳವೆ ಇದೆ, ತುದಿಯಲ್ಲಿ ಬಾತುಕೋಳಿಯ ಕೊಕ್ಕಿನಂಥ ರಬ್ಬರು. ಹೊರಕ್ಕೆ ಬಿಡುತ್ತದೆ, ಒಳಕ್ಕೆ ಬಿಡುವುದಿಲ್ಲ. ಬಿಸಿಲಿಗೆ ಆ ರಬ್ಬರು ಒಣಗಿ ಗಟ್ಟಿಯಾದರೆ ಗಾಳಿ ಒಳಗೇ ಸಿಕ್ಕಿ, ಆ ಹೊಟ್ಟೆಯ ಬೆಸುಗೆಯಿಲ್ಲದ ಸಂದು ಸಂದುಗಳಿಂದ ಎಣ್ಣೆಯನ್ನು ಹೊರದೂಡುತ್ತದೆ. ನಾನು ಎರಡು ಸಲ ಪ್ಯಾಕಿಂಗ್ ಬದಲಿಸಿ, ಶೆಲಾಕ್ ಹಚ್ಚಿ ಸೋತ ಮೇಲೆ ಚಾಚಾ ಕೈಗೆ ಕೊಟ್ಟದ್ದು ಹೆಬ್ಬೆರಳಷ್ಟು ಉದ್ದದ ಹೊಸ ರಬ್ಬರು ಕೊಕ್ಕು. ಸೋರುವ ಜಾಗವೇ ಬೇರೆ, ರೋಗದ ಜಾಗವೇ ಬೇರೆ.

ಮಸ್ಕಿಯಲ್ಲಿ ಕೆಟ್ಟು ನಿಂತ ಒಂದು ಏಪ್ರಿಲ್ ಮಧ್ಯಾಹ್ನ ನೆನಪಿದೆ. ಗಾಡಿ ತಣ್ಣಗಿದ್ದಾಗ ಒಂದೇ ಕಿಕ್ಕಿಗೆ ಎದ್ದಿತ್ತು, ಕಾದ ಮೇಲೆ ಕೆಮ್ಮಿ ಕೆಮ್ಮಿ ನಿಂತಿತು. ಅರ್ಧ ತಾಸು ಬಿಟ್ಟರೆ ಮತ್ತೆ ಶುರು, ಎರಡು ಮೈಲಿಗೆ ಮತ್ತೆ ಬಂದ್. ಪಾಯಿಂಟಿನ ಮುಚ್ಚಳ ತೆಗೆದು ನೋಡಿದರೆ ಕಿಡಿ ಪ್ಲಗ್ಗಿನಲ್ಲಿ ಹಾರುವ ಬದಲು ಪಾಯಿಂಟಿನಲ್ಲೇ ನೀಲಿಯಾಗಿ ಹಾರುತ್ತಿತ್ತು. ಅಂದರೆ ಕಂಡೆನ್ಸರ್ ಹೋಗಿದೆ. ಪಾಯಿಂಟ್ ಬಿಚ್ಚಿದಾಗ ಕರೆಂಟು ಆ ಸಂದನ್ನು ಹಾರಿ ದಾಟಲು ನೋಡುತ್ತದೆ. ಆ ಗಳಿಗೆಯಲ್ಲಿ ಅದನ್ನು ತನ್ನೊಳಗೆ ತುಂಬಿಕೊಂಡು ಕಾಂತಕ್ಷೇತ್ರ ಚಕ್ಕನೆ ಕುಸಿಯುವಂತೆ ಮಾಡುವುದು ಕಂಡೆನ್ಸರಿನ ಕೆಲಸ. ಅದರೊಳಗೆ ಲೋಹದ ತೆಳುಹಾಳೆ ಮತ್ತು ಕಾಗದವನ್ನು ಸುರುಳಿ ಸುತ್ತಿರುತ್ತಾರೆ. ಹಳತಾದ ಕಾಗದ ಬಿಸಿಗೆ ತಡೆಯುವ ಗುಣ ಕಳೆದುಕೊಳ್ಳುತ್ತದೆ, ತಣಿದರೆ ಒಂದಿಷ್ಟು ಮರಳಿ ಪಡೆಯುತ್ತದೆ. ಬಿಸಿಲು ಇಳಿಯುವವರೆಗೆ ನಾನು ಗುಡ್ಡದ ನೆರಳಿನಲ್ಲಿ ಕುಳಿತಿದ್ದೆ. ಚಿನ್ನದ ಗಣಿಯ ಎಂಜಿನಿಯರ್ ಬೀಡನ್ 1915ರಲ್ಲಿ ಅಶೋಕನ ಹೆಸರಿರುವ ಶಾಸನವನ್ನು ಕಂಡದ್ದು ಇದೇ ಮಸ್ಕಿಯ ಬಂಡೆಯಲ್ಲಿ. ಸಂಜೆಗೆ ಬಸ್‌ಸ್ಟ್ಯಾಂಡ್ ಹತ್ತಿರದ ಗ್ಯಾರೇಜಿನ ಹುಡುಗ ಆಟೋದಿಂದ ಬಿಚ್ಚಿಟ್ಟಿದ್ದ ಒಂದು ಕಂಡೆನ್ಸರ್ ತಂದು, ಒಳಗೆ ಕೂರದಿದ್ದಕ್ಕೆ ತಂತಿ ಎಳೆದು ಹೊರಗೇ, ಎಂಜಿನ್ನಿನ ಬಿಸಿಯಿಂದ ದೂರ, ಟೂಲ್‌ಬಾಕ್ಸಿನ ಪಕ್ಕ ಕಟ್ಟಿದ. "ಇಲ್ಲೇ ಇರ್ಲಿ ಬಿಡ್ರಿ ಸರ, ತಂಪಿರ್ತೈತಿ" ಎಂದ. ಹನ್ನೊಂದು ವರ್ಷವಾಯಿತು, ಅದು ಅಲ್ಲೇ ಇದೆ. ಕಂಡೆನ್ಸರನ್ನು ಬಿಸಿಯ ನಡುವೆ ಇಟ್ಟದ್ದು ತಂಪು ನಾಡಿನ ಯೋಚನೆ, ಹೊರಗೆ ಕಟ್ಟಿದ್ದು ನಮ್ಮ ಬಿಸಿಲಿನ ಯೋಚನೆ. ಎರಡನೆಯದೇ ನಮಗೆ ಸರಿ ಎಂದು ನನ್ನ ಅನುಭವ.

ಚಾಚಾ ಈಗಿಲ್ಲ. ಅವರ ಪಾನಾಗಳಲ್ಲಿ ಎರಡು ನನ್ನ ಹತ್ತಿರ ಇವೆ. ಈ ಗಾಡಿಯ ನಟ್ಟುಗಳು ಇಂಚಿನ ಅಳತೆಯವು, ಈಗಿನ ಮಿಲಿಮೀಟರ್ ಪಾನಾ ಹಾಕಿದರೆ ಮೂಲೆ ಸವೆಯುತ್ತದೆ.

ಕಳೆದ ಜನವರಿಯಲ್ಲಿ, ಇನ್ನೂ ಬೆಳಕು ಹರಿಯದ ಹೊತ್ತಿಗೆ ಸಿಂಧನೂರಿಗೆ ಹೊರಟಿದ್ದೆ. ಚಳಿಗೆ ಕಾಲುವೆಯ ಮೇಲೆ ಹೊಗೆಯಾಡುತ್ತಿತ್ತು. ಮುಳ್ಳು ನಡುವಿಗೆ ಬಂತು, ಒಂದೇ ಕಿಕ್. ಮೇ ತಿಂಗಳಲ್ಲಿ ಮೂರನೇ ಗೇರಿಗೆ ಇಳಿಸದೆ ಹತ್ತದ ಒಂದು ಏರು ದಾರಿಯಲ್ಲಿದೆ. ಬಲಗಾಲನ್ನು ಗೇರಿನ ಮೇಲಿಟ್ಟುಕೊಂಡೇ ಹತ್ತಿದೆ. ಇಳಿಸಬೇಕಾಗಲಿಲ್ಲ. ಗಾಳಿ ದಪ್ಪ ಇತ್ತು.